ಮೆದುಳಿನ ಓದಿಗೆ ಗಡಿಯಾರವೇ ಮೊದಲ ಉಪಕರಣ

ಹುಬ್ಬಳ್ಳಿ-ಧಾರವಾಡದಲ್ಲಿ ಮೆದುಳಿನ ವೈದ್ಯಕ್ಕೆ ಬರವಿಲ್ಲ. ಧಾರವಾಡದ ಡಿಮ್ಹಾನ್ಸ್, ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಸತ್ತೂರಿನ ಎಸ್‌ಡಿಎಂ ಮೂರೂ ಆಸ್ಪತ್ರೆಗಳು ಅವಳಿ ನಗರದೊಳಗೇ ಇವೆ. ಆದರೆ ಮೆದುಳಿನ ಅಂಗಾಂಶ ಕೂಡಿಟ್ಟು ಸಂಶೋಧಕರಿಗೆ ಒದಗಿಸುವ ಮಾತು ಬಂದರೆ ನಮ್ಮ ಬೆರಳು ಬೆಂಗಳೂರಿನತ್ತ ತಿರುಗುತ್ತದೆ. ನಿಮ್ಹಾನ್ಸ್‌ನಲ್ಲಿ ಡಾ. ಎಸ್.ಕೆ. ಶಂಕರ್ ಅವರ ಮುಂದಾಳತ್ವದಲ್ಲಿ 1995ರಲ್ಲಿ ಶುರುವಾದ ಮೆದುಳು ಬ್ಯಾಂಕ್ ಅಲ್ಲಿದೆ. ಸೂಕ್ಷ್ಮ ಯಂತ್ರಗಳು ಅಲ್ಲೇ ಇರಲಿ, ತಕರಾರಿಲ್ಲ. ಆದರೆ ಅಂಗಾಂಶವನ್ನು ಹಿಡಿದಿಡುವ ಮೊದಲ ಹಂತ ಇಲ್ಲೇ ನಡೆಯಬೇಕು. ಏಕೆಂದರೆ ಅಂಗಾಂಶ 400 ಕಿಲೋಮೀಟರ್ ಪ್ರಯಾಣಕ್ಕೆ ಕಾಯುವುದಿಲ್ಲ.

ಉಸಿರು ನಿಂತ ಮೇಲೆ ನರಕೋಶಗಳು ತಮ್ಮದೇ ಕಿಣ್ವಗಳಿಂದ ಕರಗತೊಡಗುತ್ತವೆ. ಅದನ್ನು ತಡೆಯುವ ಹಳೆಯ ಉಪಾಯ ಫಾರ್ಮಲಿನ್. ಹಸಿ ಮೆದುಳು ಬಲು ಮೆತ್ತಗೆ. ತಳಕ್ಕೆ ತಾಗಿದರೆ ಚಪ್ಪಟೆಯಾಗುತ್ತದೆಂದು ಅಡಿಭಾಗದ ರಕ್ತನಾಳಕ್ಕೆ ದಾರ ಕಟ್ಟಿ ದ್ರಾವಣದಲ್ಲಿ ತೂಗುಬಿಡುತ್ತಾರೆ. ಎರಡು-ಮೂರು ವಾರಗಳಲ್ಲಿ ಅದು ಗಟ್ಟಿಯಾಗುತ್ತದೆ. ಆಮೇಲೆ ತುಂಡುಗಳನ್ನು ಮೇಣದಲ್ಲಿ ಹುದುಗಿಸಿ, ಮಿಲಿಮೀಟರಿನ ಸಾವಿರದಲ್ಲಿ ನಾಲ್ಕೈದು ಪಾಲಿನಷ್ಟು ತೆಳುವಾಗಿ ಸೀಳಿ, ಬಣ್ಣ ಹಾಕುತ್ತಾರೆ. ಯಾವ ಬಣ್ಣ ಎಂಬುದೂ ಮುಖ್ಯ. ನಿಸ್ಲ್ ವಿಧಾನದಲ್ಲಿ ಕೋಶಗಳ ಒಡಲು ಕಾಣುತ್ತದೆ, ಕೊಂಬೆಗಳು ಕಾಣುವುದಿಲ್ಲ. ಇಟಲಿಯ ಗಾಲ್ಜಿ 1873ರಲ್ಲಿ ಕಂಡುಕೊಂಡ ಬೆಳ್ಳಿಯ ವಿಧಾನ ನೂರಾರು ಕೋಶಗಳಲ್ಲಿ ಕೆಲವನ್ನೇ ಆರಿಸಿ, ಕೊಂಬೆ ಸಮೇತ ಕಪ್ಪಾಗಿಸುತ್ತದೆ. ಎಲ್ಲವೂ ಬಣ್ಣ ಹೀರಿದ್ದರೆ ಕಾಣುತ್ತಿದ್ದುದು ಬರೀ ಮಸಿ! ಇದೇ ವಿಧಾನ ಹಿಡಿದು ಸ್ಪೇನಿನ ಕಹಾಲ್ ನರಕೋಶಗಳು ಬಿಡಿಬಿಡಿ ಘಟಕಗಳೆಂದು ವಾದಿಸಿದ. ಅದನ್ನು ಒಪ್ಪದ ಗಾಲ್ಜಿಯ ಜೊತೆಗೇ 1906ರ ನೊಬೆಲ್ ಹಂಚಿಕೊಂಡ. ಆದರೆ ಫಾರ್ಮಲಿನ್ ಉಳಿಸುವುದು ಹೆಚ್ಚಾಗಿ ಆಕಾರವನ್ನು. ಕೋಶದೊಳಗಿನ ಆರ್‌ಎನ್‌ಎಯನ್ನು ಚೆನ್ನಾಗಿ ಓದಬೇಕಾದರೆ ಅಂಗಾಂಶವನ್ನು ಕೆಲವೇ ಗಂಟೆಗಳಲ್ಲಿ ಮೈನಸ್ 80 ಡಿಗ್ರಿಯ ಆಸುಪಾಸಿನಲ್ಲಿ ಹೆಪ್ಪುಗಟ್ಟಿಸಬೇಕು. ನರಕೋಶದ ವಿದ್ಯುತ್ತನ್ನೇ ಅಳೆಯುವುದಾದರೆ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಜೀವಂತ ಚೂರೇ ಬೇಕು, ಅದೂ ಆಮ್ಲಜನಕ ತುಂಬಿದ ದ್ರವದಲ್ಲಿ.

ಎಂಆರ್‌ಐ ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಸ್ಕ್ಯಾನ್ ನೋಡುವುದೆಂದರೆ ನೃಪತುಂಗ ಬೆಟ್ಟದ ಮೇಲೆ ನಿಂತು ಹುಬ್ಬಳ್ಳಿ ನೋಡಿದಂತೆ. ಅದರ ಒಂದು ಘನ ಮಿಲಿಮೀಟರ್ ಚುಕ್ಕೆಯಲ್ಲಿ ಎಷ್ಟು ಅಡಗಿದೆ ಎಂಬುದನ್ನು ಹಾರ್ವರ್ಡ್ ಮತ್ತು ಗೂಗಲ್ 2024ರಲ್ಲಿ ತೋರಿಸಿದವು: ಸುಮಾರು 57,000 ಕೋಶಗಳು, 15 ಕೋಟಿ ಸಂಧಿಗಳು. ಆ ಚೂರು ಸಿಕ್ಕಿದ್ದು ಮೂರ್ಛೆರೋಗದ ಶಸ್ತ್ರಚಿಕಿತ್ಸೆಯಿಂದ. ಇಲಿಯ ಮೆದುಳು ಬಹಳಷ್ಟು ಕಲಿಸುತ್ತದೆ, ಆದರೆ ಮನುಷ್ಯರ ಆಲ್ಝೈಮರ್ಸ್ ತಾನಾಗಿ ಇಲಿಗೆ ಬರುವುದಿಲ್ಲ. ಕಾಂಡಕೋಶಗಳಿಂದ ಬೆಳೆಸುವ ಪುಟ್ಟ ಮೆದುಳು-ಮಾದರಿಗಳ ವಾದ ಇನ್ನೂ ಗಟ್ಟಿ; ಬೆಂಗಳೂರಿನಲ್ಲಿ ಎನ್‌ಸಿಬಿಎಸ್, ಇನ್‌ಸ್ಟೆಮ್, ನಿಮ್ಹಾನ್ಸ್ ಸಂಸ್ಥೆಗಳು ಸೇರಿ ರೋಗಿಗಳ ಕೋಶಗಳಿಂದಲೇ ನರಕೋಶ ಬೆಳೆಸುತ್ತಿವೆ. ಆದರೆ ತಟ್ಟೆಯಲ್ಲಿ ಬೆಳೆದದ್ದು ಗರ್ಭಸ್ಥ ಮೆದುಳಿಗೆ ಹತ್ತಿರ. ಎಪ್ಪತ್ತು ವರ್ಷ ಬದುಕಿದ ಮೆದುಳಿನ ಸವೆತ ಅದರಲ್ಲಿ ಎಲ್ಲಿಂದ ಬರಬೇಕು?

ಉಳಿದದ್ದು ಮೆದುಳು ದಾನ ಮಾಡಲು ಮನೆಯವರ ಅಳುಕು. ಇದನ್ನು ಮೌಢ್ಯವೆಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಅಂತಿಮ ದರ್ಶನಕ್ಕೆ ದೇಹವನ್ನು ಕೂರಿಸುವ ಪದ್ಧತಿ ಈ ಭಾಗದ ಲಿಂಗಾಯತರಲ್ಲಿದೆ. ಮುಖ ಕೆಡಬಾರದೆಂಬ ಆಸೆ ಸಹಜ. ಆದರೆ ಮೆದುಳು ತೆಗೆಯುವ ಸೀಳು ಕಿವಿಗಳ ಹಿಂದಿನಿಂದ ನೆತ್ತಿಯ ಮೇಲೆ ಹಾದುಹೋಗುತ್ತದೆ. ಹೊಲಿದ ಮೇಲೆ ಮುಖ ಮೊದಲಿನಂತೆಯೇ ಇರುತ್ತದೆ, ದೇಹ ಮನೆಗೆ ಮರಳುತ್ತದೆ. ನೆರೆಯ ಬೆಳಗಾವಿಯಲ್ಲಿ 2010ರಲ್ಲಿ ವೈದ್ಯರೊಬ್ಬರು ತಂದೆಯ ಇಚ್ಛೆಯಂತೆ ಅವರ ದೇಹವನ್ನು ತಾವೇ ವಿದ್ಯಾರ್ಥಿಗಳೆದುರು ಕೊಯ್ದು ಪಾಠ ಮಾಡಿದರು. ಅಷ್ಟಕ್ಕೆ ಒಪ್ಪಿದ ನಾಡಿದು. ಕನ್ನಡದಲ್ಲಿ ಒಪ್ಪಿಗೆ ಪತ್ರ, ರಾತ್ರಿಯೂ ಕರೆ ಎತ್ತುವ ಸಿಬ್ಬಂದಿ, ಒಂದು ಡೀಪ್ ಫ್ರೀಜರ್, ನಿಮ್ಹಾನ್ಸ್ ಜೊತೆ ಒಡಂಬಡಿಕೆ: ಮೊದಲ ಹಂತಕ್ಕೆ ಇಷ್ಟು ಸಾಕು. ಇನ್ನೊಂದು ಮಾತು, ಕಾಯಿಲೆಯಿದ್ದವರ ಮೆದುಳಷ್ಟೇ ಬೇಕೆಂದೇನಿಲ್ಲ. ರೋಗ ಯಾವುದು, ಮುಪ್ಪು ಯಾವುದು ಎಂದು ಬೇರ್ಪಡಿಸಲು ಕೊನೆಯವರೆಗೂ ನೆನಪು ಗಟ್ಟಿಯಿದ್ದ ಅಜ್ಜ-ಅಜ್ಜಿಯರ ಅಂಗಾಂಶವೂ ಅಷ್ಟೇ ಬೇಕು.