ಬಾಳ್ಗಚ್ಚು, ಕಲ್ನಾಡು, ನೆತ್ತರುಗೊಡಗೆ: ಯೋಧಪೋಷಣೆಯ ಲಿಖಿತಸಾಕ್ಷ್ಯವನ್ನು ಕುರಿತು

೧

ವೀರಗಲ್ಲಿನ ಚಿತ್ರಕ್ರಮವು ಕನ್ನಡ ವಿದ್ವಾಂಸರಿಗೆ ಸುಪರಿಚಿತವಾದುದು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ವೀರನನ್ನು ಕೊಂಡೊಯ್ಯುವ ದೇವಾಂಗನೆಯರು, ಮೇಲಣ ಪಟ್ಟಿಕೆಯಲ್ಲಿ ಶಿವಸಾನ್ನಿಧ್ಯ. ಪಾಠಹೇಳುವವರು ಈ ಮೂರನ್ನು ವಿವರಿಸಿ, ಸ್ವಾಮಿಗಾಗಿ ಮಡಿದವನಿಗೆ ಸ್ವರ್ಗವೇ ಫಲವೆಂದು ನಮ್ಮ ಪೂರ್ವಿಕರು ನಂಬಿದ್ದರೆಂದು ಹೇಳಿ ಮುಗಿಸುವುದು ರೂಢಿ. ಈ ವಿವರಣೆಯು ತಪ್ಪಲ್ಲ, ಆದರೆ ಅಪೂರ್ಣ. ಬರೆಹವುಳ್ಳ ಕಲ್ಲುಗಳಲ್ಲಿ ಸತ್ತವನ ಹೊಗಳಿಕೆಯಾದಮೇಲೆ ಹಲವು ವೇಳೆ ಇನ್ನೊಂದೆರಡು ಸಾಲುಗಳಿರುತ್ತವೆ. ಯಾರು, ಯಾರಿಗೆ, ಎಷ್ಟು ಭೂಮಿಯನ್ನು, ಯಾರೆದುರಿಗೆ ಕೊಟ್ಟರು ಎಂಬುದು ಅಲ್ಲಿ ಲಿಖಿತವಾಗಿರುತ್ತದೆ. ಸ್ವರ್ಗವು ಸತ್ತವನಿಗೆ, ಭೂಮಿಯು ಉಳಿದವರಿಗೆ. ಈ ಎರಡನೆಯ ಭಾಗವನ್ನು ಬಿಟ್ಟು ಓದುವುದರಿಂದ, ಋಣವನ್ನು ಒಪ್ಪಿಕೊಂಡು ಬರೆದುಕೊಟ್ಟ ಪತ್ರವೊಂದನ್ನು ಕೇವಲ ಸ್ತೋತ್ರವೆಂದು ಭಾವಿಸಿದಂತಾಗುವುದು.

ಯೋಧನನ್ನೂ ಅವನ ಮನೆಯವರನ್ನೂ ಪೋಷಿಸುವ ವಿಷಯದಲ್ಲಿ ಅಧಿಕಾರದಲ್ಲಿದ್ದವರು ಹೇಗೆ ನಡೆದುಕೊಂಡರು, ಹಾಗೆ ನಡೆದುಕೊಂಡುದಕ್ಕೆ ಯಾವ ಲಿಖಿತಸಾಕ್ಷ್ಯವುಳಿದಿದೆ ಎಂಬುದೇ ಈ ಲೇಖನದ ವಿಷಯ. ಹಿಂದೆ ಆ ಸಾಕ್ಷ್ಯವು ಕಲ್ಲಿನಲ್ಲಿತ್ತು. ಇಂದು ಶಾಸನಸಭೆಗಳ ನಡವಳಿಯ ಪುಸ್ತಕಗಳಲ್ಲಿರಬೇಕು. ಇದೆಯೇ ಎಂಬುದನ್ನು ಕೊನೆಯಲ್ಲಿ ವಿಚಾರಿಸುವೆವು.

೨

ಮೊದಲು ಶಾಸ್ತ್ರವನ್ನು ನೋಡೋಣ. ಮಹಾಭಾರತದ ಸಭಾಪರ್ವದಲ್ಲಿ ನಾರದನು ಯುಧಿಷ್ಠಿರನನ್ನು ರಾಜಧರ್ಮದ ವಿಷಯವಾಗಿ ಪ್ರಶ್ನೆಮಾಡುವ ಅಧ್ಯಾಯವೊಂದಿದೆ. ನಿನಗಾಗಿ ಪ್ರಾಣಬಿಟ್ಟವರ ಮತ್ತು ಕಷ್ಟಕ್ಕೆ ಸಿಕ್ಕಿದವರ ಹೆಂಡಿರನ್ನು ನೀನು ಸಾಕುತ್ತಿರುವೆಯಷ್ಟೆ ಎಂಬುದು ಅಲ್ಲಿನ ಪ್ರಶ್ನೆಗಳಲ್ಲೊಂದು. ಇದು ದಾನವನ್ನು ಕುರಿತ ಪ್ರಶ್ನೆಯಲ್ಲ. ಕೋಶ, ದುರ್ಗ, ದಂಡು ಇವುಗಳ ವಿಚಾರದ ನಡುವೆಯೇ ಬರುವ ಪ್ರಶ್ನೆ. ಕೌಟಿಲ್ಯನು ಅರ್ಥಶಾಸ್ತ್ರದ ಐದನೆಯ ಅಧಿಕರಣದ ಭೃತ್ಯಭರಣೀಯವೆಂಬ ಪ್ರಕರಣದಲ್ಲಿ, ಕೆಲಸದಲ್ಲಿರುವಾಗಲೇ ಸತ್ತವರ ಹೆಂಡತಿಮಕ್ಕಳು ಅನ್ನವನ್ನೂ ವೇತನವನ್ನೂ ಪಡೆಯತಕ್ಕದ್ದೆಂದು ವಿಧಿಸಿದ್ದಾನೆ. ಅಂಥವರ ಮನೆಯ ಬಾಲರು, ವೃದ್ಧರು, ರೋಗಿಗಳು ಅನುಗ್ರಹಕ್ಕೆ ಪಾತ್ರರೆಂದೂ ಹೇಳಿದ್ದಾನೆ. ಬಹುಕಾಲ ಮರೆಯಾಗಿದ್ದ ಈ ಗ್ರಂಥವು ಮೈಸೂರಿನಲ್ಲಿಯೇ ದೊರೆತು, ರುದ್ರಪಟ್ಟಣದ ಶಾಮಶಾಸ್ತ್ರಿಗಳಿಂದ ೧೯೦೯ರಲ್ಲಿ ಪ್ರಕಟವಾಯಿತೆಂಬುದು ನಮಗೆ ಹೆಮ್ಮೆಯ ಸಂಗತಿ. ಶುಕ್ರನೀತಿಯಲ್ಲಿ ನಿವೃತ್ತರಾದವರಿಗೆ ಅರ್ಧವೇತನದ ಮಾತು ಇನ್ನೂ ಸ್ಪಷ್ಟವಾಗಿದೆ. ಆದರೆ ಆ ಗ್ರಂಥದ ಕಾಲವು ವಿವಾದಗ್ರಸ್ತವಾದುದರಿಂದ ಅದನ್ನಿಲ್ಲಿ ಪ್ರಮಾಣವಾಗಿ ಸ್ವೀಕರಿಸಲಾಗಿಲ್ಲ.

ಶಾಸ್ತ್ರವು ಹೀಗಾಗತಕ್ಕದ್ದೆಂದು ಹೇಳುತ್ತದೆ; ಹೀಗಾಯಿತೆಂದು ಹೇಳುವುದು ಶಾಸನ. ಆದುದರಿಂದ ಶಾಸನದ ಪದಗಳನ್ನು ನೋಡಬೇಕು.

೩

ಯೋಧರಿಗೆ ಸಂಬಂಧಪಟ್ಟ ದತ್ತಿಗಳಿಗೆ ನಮ್ಮ ಶಾಸನಗಳಲ್ಲಿ ಮುಖ್ಯವಾಗಿ ಮೂರು ಹೆಸರುಗಳುಂಟು. ಇವನ್ನು ಪರ್ಯಾಯಪದಗಳೆಂದು ಎಣಿಸುವವರಿದ್ದಾರೆ. ಆದರೆ ಪದಗಳ ಅವಯವಾರ್ಥವು ಬೇರೆಬೇರೆ.

ಬಾಳ್ಗೞ್ಚು ಎಂಬುದು ಬಾಳ್ ಮತ್ತು ಕೞ್ಚು ಎಂಬೆರಡು ಪದಗಳ ಸಮಾಸ. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಕಕಾರಕ್ಕೆ ಗಕಾರಾದೇಶವು ಬಂದು ಬಾಳ್ಗೞ್ಚು ಎಂದಾಗಿ, ೞಕಾರವು ಮುಂದಣ ವ್ಯಂಜನದಲ್ಲಿ ಲೀನವಾಗಿ ಬಾಳ್ಗಚ್ಚು ಎಂಬ ರೂಪವು ನಿಂತಿತು. ಇದೇ ಧಾತುವಿನ ಇನ್ನೊಂದು ರೂಪವಾದ ಕರ್ಚು ಎಂಬುದು ದೇವಾಲಯಗಳ ದತ್ತಿಶಾಸನಗಳಲ್ಲಿ ಆಚಾರ್ಯರ ಕಾಲನ್ನು ತೊಳೆದು ಧಾರೆಯೆರೆಯುವ ಸಂದರ್ಭದಲ್ಲಿ ಮತ್ತೆಮತ್ತೆ ಬರುವುದು. ತಪಸ್ವಿಗೆ ಕಾಲು ತೊಳೆದು ಕೊಡುವುದು, ಯೋಧನಿಗೆ ಕತ್ತಿ ತೊಳೆದು ಕೊಡುವುದು: ಎರಡೂ ಒಂದೇ ವಿಧಿಯ ಎರಡು ರೂಪಗಳೆಂದು ನನಗೆ ತೋರುತ್ತದೆ. ಕತ್ತಿಯನ್ನು ತೊಳೆಯುವುದು ಕಾಳಗ ಮುಗಿದಮೇಲೆ. ಆದಕಾರಣ ಗೆದ್ದು ಬದುಕಿ ಬಂದವನಿಗೂ ಈ ದತ್ತಿಯು ಸಲ್ಲುವುದು.

ನೆತ್ತರುಗೊಡಗೆ ಎಂಬುದರ ಅರ್ಥವು ಸ್ಪಷ್ಟ. ಚೆಲ್ಲಿದ ನೆತ್ತರಿಗಾಗಿ ಕೊಟ್ಟ ಭೂಮಿ ಅದು. ಸತ್ತವನ ಹೆಂಡತಿಮಕ್ಕಳಿಗೆ ಹೋಗತಕ್ಕದ್ದು. ತುರುಗೋಳಿನಲ್ಲಿ, ಊರಳಿವಿನಲ್ಲಿ ಕಾದಿ ಬಿದ್ದವರ ಮನೆಯವರಿಗೆ ಅರಸನಷ್ಟೇ ಅಲ್ಲದೆ ಊರ ಗಾವುಂಡರೂ ಸಮಸ್ತಪ್ರಜೆಗಳೂ ಕೂಡಿ ಇದನ್ನು ಕೊಟ್ಟಿರುವುದು ಕಂಡುಬರುತ್ತದೆ. ತಮಿಳು ಶಾಸನಗಳ ಉದಿರಪ್ಪಟ್ಟಿ ಎಂಬ ಪದವು ಇದಕ್ಕೆ ನೇರಾದುದು, ಉದಿರವೆಂದರೆ ರುಧಿರವೇ.

ಕಲ್ನಾಡು ಎಂಬುದು ಈ ಮೂರರಲ್ಲಿ ವಿಸ್ತಾರವಾದುದು. ಕಲ್ಲನ್ನು ನೆಟ್ಟು ಕೊಟ್ಟ ನಾಡೆಂದು ಇದನ್ನು ಅರ್ಥಮಾಡುವುದು ಸರಳ. ಒಂದು ಹೊಲವಾಗಲಿ ಒಂದು ಊರಾಗಲಿ ಹಲವು ಊರುಗಳ ಗುಂಪಾಗಲಿ ಕಲ್ನಾಡಾಗಬಹುದು.

೪

ಈ ಪದಗಳ ಪ್ರಯೋಗಕ್ಕೆ ಎರಡು ನಿದರ್ಶನಗಳನ್ನು ಕೊಡುತ್ತೇನೆ. ಎರಡೂ ಗಂಗವಾಡಿಯವು, ಎರಡು ಕಲ್ಲುಗಳೂ ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿವೆ.

ಮೊದಲನೆಯದು ಬೇಗೂರಿನ ಕಲ್ಲು, ಸುಮಾರು ಕ್ರಿ. ಶ. ೯೦೦ರದು. ಎರೆಯಪ್ಪರಸನ ಅಪ್ಪಣೆಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರನು ತುಂಬೆಪಾದಿಯಲ್ಲಿ ವೀರಮಹೇಂದ್ರನೊಡನೆ ಕಾದಿ ಸತ್ತನು. ಸುದ್ದಿಯನ್ನು ಕೇಳಿದ ಎರೆಯಪ್ಪನು ಇರುಗನಿಗೆ ನಾಗತ್ತರ ಪಟ್ಟವನ್ನು ಕಟ್ಟಿ ಬೆಂಪುರ ಹನ್ನೆರಡನ್ನು ಕಲ್ನಾಡಾಗಿ ಕೊಟ್ಟನು. ಬೆಂಪುರವೇ ಇಂದಿನ ಬೇಗೂರು. ಇಲ್ಲಿ ಗಮನಿಸತಕ್ಕದ್ದೇನೆಂದರೆ, ಹನ್ನೆರಡೂರೆಂದು ಒಟ್ಟಿನಲ್ಲಿ ಹೇಳಿ ಬಿಡದೆ ಊರುಗಳನ್ನು ಹೆಸರು ಹೆಸರಾಗಿ ಎಣಿಸಿರುವುದು. ಹೆಸರಿಲ್ಲದ ದತ್ತಿಯನ್ನು ಮುಂದೆ ಯಾರೂ ಚಿಕ್ಕದು ಮಾಡಬಹುದು. ಹೆಸರಿಸಿದ ದತ್ತಿಯನ್ನು ಹಾಗೆ ಮಾಡಲಾಗದು.

ಎರಡನೆಯದು ಮದ್ದೂರು ಸೀಮೆಯ ಆತಕೂರಿನ ಕಲ್ಲು. ಶಕವರ್ಷ ೮೭೨, ಎಂದರೆ ಕ್ರಿ. ಶ. ೯೪೯-೫೦. ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಬೂತುಗನು ಕೊಂದನು. ಮೆಚ್ಚಿದ ಕನ್ನರದೇವನು ಅವನಿಗೆ ಬನವಾಸಿ ಹನ್ನೆರಡುಸಾವಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಇವನ್ನು ಕೊಟ್ಟನು. ಬೂತುಗನು ತನ್ನೆದುರಿಗೆ ನಿಂತು ಕಾದಿದ ಮಣಲೆರನಿಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಕಾದಿಯೂರನ್ನೂ ಬಾಳ್ಗಚ್ಚಾಗಿ ಕೊಟ್ಟನು. ಮಣಲೆರನು ಸತ್ತವನಲ್ಲ, ಬದುಕಿ ಬಂದವನು. ಬೇಡಿದುದನ್ನು ಕೊಡುವೆನೆಂದಾಗ ಅವನು ಕಾಳಿಯೆಂಬ ನಾಯನ್ನು ಬೇಡಿ ಪಡೆದನೆಂದೂ, ಆ ನಾಯಿ ಹಂದಿಯೊಡನೆ ಹೋರಿ ಸತ್ತುದರಿಂದ ಅದಕ್ಕೂ ಕಲ್ಲು ನೆಟ್ಟು ಭೂಮಿ ಬಿಟ್ಟರೆಂದೂ ಶಾಸನವು ಹೇಳುತ್ತದೆ. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯ ಪಾಪವು ಅವನದು.

ನಾಯ ಕಥೆಯು ರಂಜಕವಾದುದರಿಂದ ಪಾಠದಲ್ಲಿ ಅದೇ ಮುಂದಾಗಿ, ಉಳಿದುದು ಹಿಂದಾಗುತ್ತದೆ. ಆದರೆ ಈ ಕಲ್ಲಿನ ನಿಜವಾದ ಬೋಧೆಯು ಅದರ ಶ್ರೇಣಿಯಲ್ಲಿದೆ. ಚಕ್ರವರ್ತಿಯಿಂದ ಮಾಂಡಲಿಕನಿಗೆ, ಮಾಂಡಲಿಕನಿಂದ ಯೋಧನಿಗೆ, ಯೋಧನಿಂದ ನಾಯಿಗೆ ಒಂದೇ ಋಣವು ಮೆಟ್ಟಿಲಿಳಿದು ಬಂದಿದೆ. ಯಾವ ಮೆಟ್ಟಿಲಿನಲ್ಲಿಯೂ ಕೊಟ್ಟವನ ಹೆಸರು ಮರೆಯಾಗಿಲ್ಲ.

ಶಾಪವಾಕ್ಯದ ವಿಷಯವಾಗಿಯೂ ಒಂದು ಮಾತು. ಪ್ರಾಪ್ತವಾದುದಕ್ಕೆ ಮಾತ್ರ ನಿಷೇಧವೆಂದು ಮೀಮಾಂಸಕರು ಹೇಳುವರು. ಕೊಟ್ಟ ಭೂಮಿಯನ್ನು ಕಿತ್ತುಕೊಳ್ಳುವವರು ಇಲ್ಲದಿದ್ದರೆ, ಕಿತ್ತುಕೊಂಡವನು ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂದು ಶಾಸನಗಳು ಇಷ್ಟು ಸಲ ಬರೆಯಬೇಕಾಗಿರಲಿಲ್ಲ. ಆದುದರಿಂದ ಹಿಂದಿನವರೆಲ್ಲ ಕೊಟ್ಟ ಮಾತಿಗೆ ತಪ್ಪದವರೆಂದು ನಾವು ಭ್ರಮಿಸಬೇಕಾಗಿಲ್ಲ. ಕಲ್ಲು ಕೊಟ್ಟವರನ್ನು ಹೇಳುತ್ತದೆ, ಕೊಡದವರನ್ನು ಹೇಳುವುದಿಲ್ಲ. ಕಲ್ಲಿಲ್ಲದೆ ಸತ್ತ ಕಾಲಾಳುಗಳು ಎಷ್ಟೋ ಮಂದಿ. ಈ ಮಿತಿಯನ್ನು ನೆನಪಿನಲ್ಲಿಟ್ಟುಕೊಂಡೇ ಪೂರ್ವಿಕರನ್ನು ಹೊಗಳಬೇಕು.

೫

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯು ಈ ವಿಚಾರಕ್ಕೆ ಒಳ್ಳೆಯ ಕ್ಷೇತ್ರ. ತಲಕಾಡಿನ ಗಂಗರ ನೆರೆಯಲ್ಲಿದ್ದ ಈ ನಾಡು ಹನ್ನೊಂದನೆಯ ಶತಮಾನದ ಮೊದಲಲ್ಲಿ ಚೋಳರ ವಶವಾಯಿತು, ಕ್ರಿ. ಶ. ೧೧೧೬ರ ಸುಮಾರಿಗೆ ವಿಷ್ಣುವರ್ಧನನು ತಲಕಾಡನ್ನು ಗೆದ್ದಮೇಲೆ ಹೊಯ್ಸಳರದಾಯಿತು. ಕೊಳ್ಳೇಗಾಲದ ಬಳಿಯ ಮುಡಿಗುಂಡವು ಮುಡಿಗೊಂಡಚೋಳನ ಹೆಸರನ್ನು ಇಂದಿಗೂ ಹೊತ್ತಿದೆ. ಕನ್ನಡ ತಮಿಳು ಶಾಸನಗಳೆರಡೂ ಇಲ್ಲಿ ಬೆರೆತಿರುವುದರಿಂದ ನೆತ್ತರುಗೊಡಗೆಯನ್ನು ಉದಿರಪ್ಪಟ್ಟಿಯೊಡನೆ ಹೋಲಿಸಿ ನೋಡುವವನು ಈ ಸೀಮೆಯನ್ನು ಬಿಟ್ಟು ದೂರಹೋಗಬೇಕಾಗಿಲ್ಲ.

೧೭೯೯ರಲ್ಲಿ ಟಿಪ್ಪುಸುಲ್ತಾನನು ಮಡಿದಮೇಲೆ ಕೊಳ್ಳೇಗಾಲವು ಕುಂಪಣಿಯವರಿಗೆ ಸೇರಿ ಕೊಯಮತ್ತೂರು ಜಿಲ್ಲೆಯಲ್ಲಿ ನಿಂತಿತು. ಯಳಂದೂರು ಮೈಸೂರಿನಲ್ಲಿಯೇ ಉಳಿದು, ೧೮೦೭ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಅವರ ಸೇವೆಗಾಗಿ ಜಹಗೀರಾಗಿ ದೊರೆಯಿತು. ಸೇವೆಯ ಋಣವನ್ನು ಭೂಮಿಯಿಂದ ತೀರಿಸುವ ಹಳೆಯ ಪದ್ಧತಿಗೆ ಇದೂ ಒಂದು ನಿದರ್ಶನ. ಈ ಒಡಕಿನ ಫಲವನ್ನು ವಿದ್ವತ್ತೂ ಅನುಭವಿಸಿತು. ರೈಸ್ ಸಾಹೇಬರು ೧೮೯೮ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ ಯಳಂದೂರಿನ ಶಾಸನಗಳಿವೆ, ಕೊಳ್ಳೇಗಾಲದವು ಇಲ್ಲ. ೧೯೫೬ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿದಮೇಲೆ, ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯ ೧೯೭೫ರ ಪರಿಷ್ಕೃತ ಸಂಪುಟದಲ್ಲಿ ಎರಡೂ ಒಟ್ಟಿಗೆ ಬಂದುವು. ಹಿಂದೆ ಕೊಳ್ಳೇಗಾಲಕ್ಕೇ ಸೇರಿದ್ದ ಹನೂರು ಈಗ ಪ್ರತ್ಯೇಕ ತಾಲ್ಲೂಕು. ಗಡಿಗಳು ಬದಲಾದುವು, ಕಲ್ಲುಗಳು ಇದ್ದಲ್ಲಿಯೇ ಇದ್ದುವು.

೬

ಇನ್ನು ಇಂದಿನ ಮಾತು. ಅರಸರ ಸ್ಥಾನದಲ್ಲಿ ಈಗ ಶಾಸನಸಭೆಗಳಿವೆ. ಸೈನಿಕರ ನಿವೃತ್ತಿವೇತನಕ್ಕೆ ಬೇಕಾದ ಹಣವನ್ನು ಲೋಕಸಭೆಯು ಪ್ರತಿವರ್ಷವೂ ಪ್ರತ್ಯೇಕ ಬೇಡಿಕೆಯ ರೂಪದಲ್ಲಿ ಮಂಜೂರುಮಾಡುವುದು. ಹಾಗಾದರೆ ಈ ಪ್ರಾಂತದ ಪ್ರತಿನಿಧಿಯಾದವನು ಯೋಧರ ಪಕ್ಷದಲ್ಲಿ ಮತವನ್ನಿತ್ತನೇ ಎಂದು ಶಾಸನವನ್ನೋದುವಂತೆ ಓದಿ ತಿಳಿಯಬಹುದೇ? ಬಹುಮಟ್ಟಿಗೆ ತಿಳಿಯಲಾಗದು. ಇದಕ್ಕೆ ಮೂರು ಕಾರಣಗಳಿವೆ.

ಒಂದನೆಯದು, ಸಭೆಗಳು ಸಾಮಾನ್ಯವಾಗಿ ಧ್ವನಿಮತದಿಂದ ನಿರ್ಣಯಿಸುತ್ತವೆ. ಹೌದೆಂದವರ ಕೂಗು, ಇಲ್ಲವೆಂದವರ ಕೂಗು ಇವನ್ನು ಕೇಳಿ ಅಧ್ಯಕ್ಷರು ತೀರ್ಮಾನವನ್ನು ಹೇಳುವರು. ಯಾರಾದರೂ ವಿಭಜನೆಯನ್ನು ಕೇಳಿದಾಗ ಮಾತ್ರ ಮತಗಳ ಎಣಿಕೆಯಾಗಿ ಹೆಸರುಗಳು ದಾಖಲಾಗುವುವು. ಅನೇಕ ಬೇಡಿಕೆಗಳು ಚರ್ಚೆಯಿಲ್ಲದೆಯೇ ಕಡೆಯ ದಿನ ಒಟ್ಟಿಗೆ ಅಂಗೀಕೃತವಾಗುವುದೂ ಉಂಟು. ಎರಡನೆಯದು, ೧೯೮೫ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ಆಜ್ಞೆಗೆ ವಿರುದ್ಧವಾಗಿ ಮತವಿತ್ತವನು ಸ್ಥಾನವನ್ನೇ ಕಳೆದುಕೊಳ್ಳಬಹುದು. ಆದುದರಿಂದ ಹೆಸರು ದಾಖಲಾದರೂ ಅದು ಪಕ್ಷದ ಮನಸ್ಸನ್ನು ಹೇಳುವುದೇ ಹೊರತು ವ್ಯಕ್ತಿಯ ಮನಸ್ಸನ್ನಲ್ಲ. ಮೂರನೆಯದು, ಯೋಧರಿಗೆ ಸಂಬಂಧಿಸಿದ ದೊಡ್ಡ ನಿರ್ಣಯಗಳು ಮತಕ್ಕೆ ಬರದೆಯೇ ಆಗುತ್ತವೆ. ಸಮಾನ ಪದವಿಗೆ ಸಮಾನ ನಿವೃತ್ತಿವೇತನವೆಂಬ ಬೇಡಿಕೆಯನ್ನು ಕೋಶ್ಯಾರಿಯವರ ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಸಮಿತಿಯು ೨೦೧೧ರ ಡಿಸೆಂಬರಿನ ವರದಿಯಲ್ಲಿ ಎತ್ತಿಹಿಡಿಯಿತು. ಅದು ಜಾರಿಗೆ ಬಂದುದಾದರೋ ೨೦೧೫ರ ನವೆಂಬರ್ ೭ರ ಸರ್ಕಾರಿ ಆಜ್ಞೆಯಿಂದ, ೨೦೧೪ರ ಜುಲೈ ೧ರಿಂದ ಅನ್ವಯವಾಗುವಂತೆ. ೨೦೨೨ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ಅರ್ಜಿ, ಆಜ್ಞೆ, ತೀರ್ಪು ಮೂರೂ ಇವೆ. ಅದಕ್ಕಾಗಿಯೇ ಒಬ್ಬೊಬ್ಬ ಸದಸ್ಯನ ಹೆಸರು ಹಿಡಿದು ಮತವೆಣಿಸಿದ ಶಾಸನವು ಮಾತ್ರ ಇಲ್ಲ. ನಮ್ಮ ರಾಜ್ಯದಲ್ಲಿ ಸರ್ಕಾರಿ ಜಮೀನಿನ ಮಂಜೂರಾತಿಯಲ್ಲಿ ಸೈನಿಕರಿಗೂ ಮಾಜಿ ಸೈನಿಕರಿಗೂ ಒಂದು ಪಾಲನ್ನು ಕಾದಿರಿಸಿದ ೧೯೬೯ರ ಭೂಮಂಜೂರಾತಿ ನಿಯಮಗಳೂ ಇಂಥವೇ. ಕೊಡಗೆಯ ಹಳೆಯ ತತ್ತ್ವವು ಅಲ್ಲಿ ಬದುಕಿದೆ. ಕೊಟ್ಟವನ ಹೆಸರು ಮಾತ್ರ ಅಳಿದಿದೆ.

ಇದರಿಂದ ಇಂದಿನ ವ್ಯವಸ್ಥೆಯು ಕೀಳೆಂದು ನಾನು ಹೇಳುತ್ತಿಲ್ಲ. ಒಬ್ಬನ ಮೆಚ್ಚುಗೆಯಿಂದ ದೊರೆತುದು ಮತ್ತೊಬ್ಬನ ಮುನಿಸಿನಿಂದ ಹೋಗಬಹುದು. ನಿಯಮದಿಂದ ದೊರೆತುದಕ್ಕೆ ನ್ಯಾಯಾಲಯದ ಆಸರೆಯುಂಟು. ಕಲ್ಲಿಲ್ಲದ ಕಾಲಾಳುವಿನ ವಿಧವೆಗೆ ಅಂದು ದೊರೆಯದಿದ್ದುದು ಇಂದು ಹಕ್ಕಾಗಿ ದೊರೆಯುತ್ತದೆ. ಆದರೆ ಹಕ್ಕು ಬಂದು ಹೊಣೆಗಾರನ ಹೆಸರು ಹೋಯಿತೆಂಬುದನ್ನು ಮರೆಯಬಾರದು. ಕೊಟ್ಟೆನೆಂದು ಎಲ್ಲರೂ ಹೇಳಿಕೊಳ್ಳುವಲ್ಲಿ, ಕೊಡಲಿಲ್ಲವೆಂದು ಯಾರನ್ನೂ ಕೇಳುವಂತಿಲ್ಲ.

ಅಧ್ಯಾಪಕರಲ್ಲಿ ಒಂದು ಬಿನ್ನಹ. ವೀರಗಲ್ಲನ್ನು ಪಾಠಮಾಡುವಾಗ ಅಪ್ಸರೆಯರಲ್ಲಿಗೆ ನಿಲ್ಲಿಸದೆ ಕೊನೆಯ ಸಾಲುಗಳನ್ನೂ ಓದಿಸಬೇಕು. ಕೊಟ್ಟವರಾರು, ಪಡೆದವರಾರು, ಕೊಟ್ಟುದೆಷ್ಟು, ಸಾಕ್ಷಿಗಳಾರು ಎಂಬ ನಾಲ್ಕು ಪ್ರಶ್ನೆಗಳನ್ನು ವಿದ್ಯಾರ್ಥಿಗಳಿಂದ ಕೇಳಿಸಬೇಕು. ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ, ಮಾರಿಗುಡಿಯ ಮುಂದೆ ನಿಂತಿರುವ ಕಲ್ಲುಗಳು ದಿನೇ ದಿನೇ ಸವೆಯುತ್ತಿವೆ. ಮೊದಲು ಮಣ್ಣಿನಲ್ಲಿ ಹೂತು ಮರೆಯಾಗುವುವು ಕೆಳಗಣ ಸಾಲುಗಳೇ. ಅವುಗಳಲ್ಲಿಯೇ ದತ್ತಿಯ ಮಾತಿರುವುದು ಹೆಚ್ಚು. ಅದನ್ನು ಓದಲು ಕಲಿತ ಬಾಲಕನು ನಾಳೆ ಸಭೆಯ ನಡವಳಿಯನ್ನೂ ಅದೇ ನಾಲ್ಕು ಪ್ರಶ್ನೆಗಳಿಂದ ಓದುವನು.