ಕಚ್ಚಾ ಪ್ಲಾಸ್ಟರ್ ಮೊದಲು, ಪಕ್ಕಾ ಆಮೇಲೆ

ಬೀದರಿನ ಗಾಂಧಿ ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಓದುಗರೊಬ್ಬರ ಪ್ರಶ್ನೆ ಇದು. ತೊಗರಿ ಚೀಲ ಇಳಿಸುವಾಗ ಹಮಾಲನೊಬ್ಬ ಲಾರಿಯಿಂದ ಜಾರಿ, ಕೈ ಊರಿ ಬಿದ್ದ. ಮಣಿಕಟ್ಟಿನ ಹತ್ತಿರ ಎಲುಬು ಮುರಿಯಿತು. ಆಸ್ಪತ್ರೆಯಲ್ಲಿ ಕೈಯ ಒಂದು ಮಗ್ಗುಲಿಗಷ್ಟೇ ಪ್ಲಾಸ್ಟರ್ ಇಟ್ಟು, ಮೇಲೆ ಬಟ್ಟೆ ಸುತ್ತಿ, ಕೆಲವು ದಿನ ಬಿಟ್ಟು ಬಾ ಎಂದರು. ‘ಕಚ್ಚಾ ಪ್ಲಾಸ್ಟರ್ ಹಾಕಿ ಮತ್ತೆ ಕರೆಯೋದು ಯಾಕ್ರಿ? ಕೂಲಿ ಮಾಡಿ ಉಣ್ಣೋನಿಗೆ ಒಂದೇ ಸಲ ಪಕ್ಕಾ ಹಾಕಿ ಕಳಿಸಬಾರದೇ?’

ಕೂಲಿ ತಪ್ಪುವ ಸಂಕಟ ಸಣ್ಣದಲ್ಲ. ಆದರೂ ಅಲ್ಲಿ ಮಾಡಿದ್ದೇ ಸರಿ. ಪ್ಲಾಸ್ಟರ್ ಎಲುಬನ್ನು ಕೂಡಿಸುವುದಿಲ್ಲ. ಕೂಡುವ ಕೆಲಸ ದೇಹದ್ದು. ಪ್ಲಾಸ್ಟರ್ ಅದನ್ನು ಅಲುಗದಂತೆ ಹಿಡಿದಿರುತ್ತದೆ, ಅಷ್ಟೇ. ಹಿಡಿತ ಹಿತವಾಗಿರಬೇಕೋ ಉರುಲಾಗಬೇಕೋ ಎಂಬುದು ಬಹುಪಾಲು ನೀರಿಗೆ ಪಟ್ಟಿ ಬೀಳುವ ಮೊದಲೇ ತೀರ್ಮಾನವಾಗಿರುತ್ತದೆ.

ಮುರಿದ ಕೈಯನ್ನು ಕಟ್ಟಿಡಬೇಕೆಂಬುದು ಬಹಳ ಹಳೆಯ ತಿಳಿವಳಿಕೆ. ಸುಶ್ರುತ ಸಂಹಿತೆಯಲ್ಲಿ ಬಿದಿರಿನ ದಬ್ಬೆ, ಮರದ ತೊಗಟೆಗಳಿಂದ ಕಟ್ಟುವ ಕ್ರಮವಿದೆ. ಯುರೋಪಿನಲ್ಲಿ ಗಂಜಿಯಲ್ಲಿ ಅದ್ದಿದ ಪಟ್ಟಿ ಬಳಕೆಯಲ್ಲಿತ್ತು, ಆದರೆ ಒಣಗಲು ಎರಡು ಮೂರು ದಿನ. ಅಷ್ಟರೊಳಗೆ ಕೂರಿಸಿದ ಎಲುಬು ಮತ್ತೆ ಸರಿಯುತ್ತಿತ್ತು. ಈ ತೊಡಕನ್ನು ಬಿಡಿಸಿದವನು ಡಚ್ ಸೇನೆಯ ವೈದ್ಯ ಆಂಟೋನಿಯಸ್ ಮ್ಯಾಥೈಸನ್. 1851ರಲ್ಲಿ ಹಾರ್ಲೆಮ್ ಊರಿನಲ್ಲಿದ್ದಾಗ ಅವನು ಒರಟು ಹತ್ತಿಬಟ್ಟೆಯ ಪಟ್ಟಿಗೆ ಒಣ ಜಿಪ್ಸಂ ಪುಡಿಯನ್ನು ತಿಕ್ಕಿ ಸುತ್ತಿಟ್ಟುಕೊಂಡ. ಬೇಕಾದಾಗ ನೀರು ಸೋಕಿಸಿ ಕಟ್ಟಿದರೆ ನಿಮಿಷಗಳಲ್ಲಿ ಕಲ್ಲಾಗುತ್ತಿತ್ತು. ಮರುವರ್ಷ ವಿಧಾನವನ್ನು ಪ್ರಕಟಿಸಿದ. ಕ್ರಿಮಿಯಾ ಯುದ್ಧದಲ್ಲಿ ರಷ್ಯದ ಶಸ್ತ್ರವೈದ್ಯ ನಿಕೊಲಾಯ್ ಪಿರೊಗೊವ್ ಪ್ಲಾಸ್ಟರನ್ನು ರಣರಂಗಕ್ಕೇ ಒಯ್ದ; ಅವನಿಗೆ ಅದರ ಗುಣ ಹೊಳೆದದ್ದು ಶಿಲ್ಪಿಯೊಬ್ಬನ ಕಾರ್ಯಾಗಾರದಲ್ಲಿ. ಇಂದು ಗಾಜ್ ಬಟ್ಟೆಯ ರೋಲಿನಲ್ಲಿ ಬರುವ ಪಿ.ಓ.ಪಿ. ಮ್ಯಾಥೈಸನ್ನನ ಪಟ್ಟಿಯೇ.

ಅದು ಗಟ್ಟಿಯಾಗುವ ಬಗೆಯನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಿಲ್ಲ. ಬೀದರಿನಲ್ಲಿ 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸಾದಂಥ ಕಟ್ಟಡಗಳ ಸುಣ್ಣದ ಗಾರೆ ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನಕ್ಕೆ ಹೀರಿ, ತಿಂಗಳು ವರ್ಷಗಳ ಕಾಲ ಗಟ್ಟಿಯಾಗುತ್ತ ಹೋಗುವಂಥದ್ದು. ಜಿಪ್ಸಂನ ದಾರಿ ಬೇರೆ. ಜಿಪ್ಸಂ ಕಲ್ಲನ್ನು ಸುಮಾರು 150 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಹರಳಿನೊಳಗಿನ ನೀರಿನಲ್ಲಿ ಮುಕ್ಕಾಲು ಪಾಲು ಹೊರಟುಹೋಗಿ ಪುಡಿ ಉಳಿಯುತ್ತದೆ. ನೀರು ಮತ್ತೆ ಸಿಕ್ಕ ಕೂಡಲೇ ಪುಡಿ ಅದನ್ನು ಒಳಗೆಳೆದುಕೊಂಡು, ಬಿಸಿ ಹೊರಬಿಟ್ಟು, ಮತ್ತೆ ಜಿಪ್ಸಂ ಆಗುತ್ತದೆ. ಸೂಜಿಯಂಥ ಸೂಕ್ಷ್ಮ ಹರಳುಗಳು ಹುಟ್ಟಿ, ಹೊಲದಂಚಿಗೆ ಒಟ್ಟಿದ ಜಾಲಿಮುಳ್ಳಿನ ಬೇಲಿಯ ಹಾಗೆ ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ. ಒಂದೊಂದು ಮುಳ್ಳುಕೊಂಬೆಯನ್ನು ಎಳೆದರೆ ಸುಲಭವಾಗಿ ಬರುತ್ತದೆ, ಹೆಣೆದುಕೊಂಡ ಬೇಲಿ ಮಾತ್ರ ದನ ನುಗ್ಗಿದರೂ ಜಗ್ಗದು. ಹೆಣೆಯುತ್ತಿರುವಾಗಲೇ ಅಲುಗಾಡಿಸಿದರೆ ಬೇಲಿ ನಿಲ್ಲುವುದಿಲ್ಲ. ‘ಬೆರಳು ಆಡಿಸಬೇಡ, ಸ್ವಲ್ಪ ತಡಿ’ ಎಂದು ಪ್ಲಾಸ್ಟರ್ ಹಾಕುವವರು ಗದರುವುದು ಇದಕ್ಕೇ: ಹರಳು ಕೂಡುವ ಹೊತ್ತಿನಲ್ಲಿ ಕೈ ಅಲುಗಿದರೆ ಪ್ಲಾಸ್ಟರ್ ಬಡವಾಗುತ್ತದೆ.

ನೀರಿನ ಬಿಸಿಯೂ ಮುಖ್ಯ. ಕೋಣೆಯ ಹದದ ನೀರು ಸಾಕು. ನೀರು ಬಿಸಿಯಾದಷ್ಟೂ ಪಟ್ಟಿ ಬೇಗ ಸೆಟೆದು, ಒಳಗಿನ ಶಾಖ ಏರಿ ಚರ್ಮ ಸುಡಬಹುದು. ಬೀದರಿನ ಮೇ ತಿಂಗಳಲ್ಲಿ ಮಾಳಿಗೆಯ ಟ್ಯಾಂಕಿನಿಂದ ನಡುಮಧ್ಯಾಹ್ನ ಬರುವ ನೀರನ್ನು ಮುಟ್ಟಿ ನೋಡದೆ ಬಳಸಬಾರದು. ಹಿಂದಿನ ರೋಗಿಯ ಬಕೆಟ್ ನೀರೂ ಬೇಡ. ಅದರಲ್ಲಿ ಉಳಿದ ಹರಳುಗಳು ಹೊಸ ಪಟ್ಟಿಯನ್ನು ಕೈಗೆ ಬರುವ ಮೊದಲೇ ಗಟ್ಟಿ ಮಾಡುತ್ತವೆ. ಪಟ್ಟಿ ಬೆಚ್ಚಗಾಗುತ್ತದೆಂದು ರೋಗಿಗೆ ಮುಂಚೆಯೇ ಹೇಳಿದ್ದರೆ ಅವನು ಬೆದರುವುದಿಲ್ಲ. ಉರಿ ಅಂದರೆ ಮಾತ್ರ ಕೂಡಲೇ ಹೇಳಬೇಕು.

ಇದೆಲ್ಲಕ್ಕೂ ಮುಂಚೆ ಕೈ ಸಿದ್ಧವಾಗಬೇಕು. ಉಂಗುರ, ಬಳೆ, ಮಣಿಕಟ್ಟಿನ ದಾರ, ತಾಯತ ಎಲ್ಲ ತೆಗೆಯಬೇಕು. ಮುತ್ತೈದೆಯರು ಬಳೆ ತೆಗೆಯಲು ಹಿಂಜರಿಯುತ್ತಾರೆ, ಅದು ಅರ್ಥವಾಗುತ್ತದೆ. ಆದರೆ ಬಾವು ಏರಿದ ಮೇಲೆ ಆ ಬಳೆ ರಕ್ತ ಹರಿಯುವ ದಾರಿಯನ್ನೇ ಕಟ್ಟಿಹಾಕೀತು. ಗಾಯವಿದೆಯೇ, ಬೆರಳು ಆಡುತ್ತವೆಯೇ, ಮುಟ್ಟಿದ್ದು ತಿಳಿಯುತ್ತದೆಯೇ, ಉಗುರನ್ನು ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ ಎಂದು ನೋಡಿ ಬರೆದಿಡಬೇಕು. ಆಮೇಲೆ ಚರ್ಮದ ಮೇಲೆ ಮೆದು ಬನಿಯನ್ ಬಟ್ಟೆಯ ತೋಳು, ಅದರ ಮೇಲೆ ಹತ್ತಿಯ ಸುತ್ತು, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ. ಮಣಿಕಟ್ಟಿನ ಗುಬಟು, ಮೊಣಕೈ ತುದಿಗೆ ಇನ್ನಷ್ಟು ಹತ್ತಿ. ಒದ್ದೆ ಪಟ್ಟಿಯನ್ನು ಅಂಗೈಯಿಂದ ನೀವಬೇಕು. ಬೆರಳ ತುದಿಯಿಂದ ಒತ್ತಿದ ಕುಳಿ ಹಾಗೇ ಗಟ್ಟಿಯಾಗಿ ಒಳಗೆ ಹುಣ್ಣು ಮಾಡುತ್ತದೆ.

ಈಗ ಕಚ್ಚಾ-ಪಕ್ಕಾ ಮಾತು. ಮುರಿದ ಕೈ ಮೊದಲ ಎರಡು ಮೂರು ದಿನ ಬಾಯುತ್ತದೆ. ಸುತ್ತಲೂ ಮುಚ್ಚಿದ ಪ್ಲಾಸ್ಟರ್ ಹಿಗ್ಗುವುದಿಲ್ಲ. ಒಳಗಿನ ಒತ್ತಡ ಏರಿ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ, ಕೆಲವೇ ಗಂಟೆಗಳಲ್ಲಿ ಅವು ಸಾಯತೊಡಗುತ್ತವೆ. ಬಿಗಿ ಕಟ್ಟಿನಿಂದ ಕೈಬೆರಳು ಶಾಶ್ವತವಾಗಿ ಮುದುಡುವುದನ್ನು ಜರ್ಮನಿಯ ರಿಚರ್ಡ್ ಫಾನ್ ಫೋಲ್ಕ್‌ಮನ್ 1881ರಲ್ಲೇ ವಿವರಿಸಿದ. ಹಳ್ಳಿಗಳಲ್ಲಿ ಬಿದಿರು ದಬ್ಬೆಯಿಟ್ಟು ಬಿಗಿದು, ಬೆರಳು ಕಪ್ಪಾದ ಮೇಲೆ ಆಸ್ಪತ್ರೆಗೆ ಬರುವವರ ಕಥೆಯೂ ಇದೇ. ಒಂದು ಮಗ್ಗುಲು ತೆರೆದ ಕಚ್ಚಾ ಪ್ಲಾಸ್ಟರ್ ಬಾವಿಗೆ ಜಾಗ ಬಿಡುತ್ತದೆ. ಬಾವು ಇಳಿದ ಮೇಲೆ ಪಕ್ಕಾ.

ಫೈಬರ್‌ಗ್ಲಾಸ್ ಬಂದ ಮೇಲೆ ಪ್ಲಾಸ್ಟರಿನ ಕಾಲ ಮುಗಿಯಿತೆಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅದು ಹಗುರ, ಗಟ್ಟಿ, ದುಬಾರಿಯೂ ಹೌದು. ಆದರೆ ಹೊಸ ಮುರಿತಕ್ಕೆ ಕೈಯ ಆಕಾರವನ್ನು ಜಿಪ್ಸಂನಷ್ಟು ಚೆನ್ನಾಗಿ ಅದು ಅನುಸರಿಸದು. ಜಾಹೀರಾತಿನಲ್ಲಿ ನೀರು ತಾಗದೆನ್ನುವ ಅದರ ಅಡಿಯಲ್ಲೂ ಸಾಮಾನ್ಯವಾಗಿ ಇರುವುದು ಒದ್ದೆಯಾಗುವ ಹತ್ತಿಯೇ.

ಲೆಕ್ಕ ಬರೆಯುವ ಆ ಓದುಗರು ಹಮಾಲನಿಗೆ ಇಷ್ಟು ಹೇಳಲಿ. ಕೈ ಎದೆಗಿಂತ ಮೇಲಿರಲಿ, ಬೆರಳು ಆಡಿಸುತ್ತಿರಲಿ. ನೋವು ಮಾತ್ರೆಗೂ ಬಗ್ಗದೆ ಏರುತ್ತ ಹೋದರೆ, ಇನ್ನೊಬ್ಬರು ಬೆರಳನ್ನು ನೇರ ಮಾಡಿದಾಗ ಜೀವ ಹೋದಂತಾದರೆ, ಬೆರಳು ಜುಮ್ಮೆಂದರೆ ಅಥವಾ ನೀಲಿಯಾದರೆ ಬೆಳಗಾಗಲಿ ಎಂದು ಕಾಯಬಾರದು. ನಡುರಾತ್ರಿಯಾದರೂ ಆಸ್ಪತ್ರೆಗೆ ಹೋಗಿ ಪಟ್ಟಿಯನ್ನೂ ಒಳಗಿನ ಹತ್ತಿಯನ್ನೂ ಚರ್ಮದವರೆಗೆ ಬಿಚ್ಚಿಸಬೇಕು.