ಧರ್ಮಗುರುವಿನ ದ್ರಾಕ್ಷಿತೋಟ

ಬಲಿಪೂಜೆಯ ದ್ರಾಕ್ಷಾರಸದ ವಿಷಯದಲ್ಲಿ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಕೇಳುವುದಿಷ್ಟೇ: ಅದು ದ್ರಾಕ್ಷಿಯಿಂದಾದ ಸಹಜ ರಸವಾಗಿರಬೇಕು, ಕೆಟ್ಟಿರಬಾರದು. ತಳಿಯ ಪ್ರಶ್ನೆಯೇ ಅಲ್ಲಿಲ್ಲ. ಹಾಗಿದ್ದ ಮೇಲೆ ಅಳಿವಿನಂಚಿನ ತಳಿಯೊಂದಕ್ಕಾಗಿ ಧರ್ಮಗುರುವೊಬ್ಬರು ಏಕೆ ದುಡಿಯಬೇಕು?

ಇಟಲಿಯ ಪಿಯೆಮೊಂತೆ ಪ್ರಾಂತದ ಕಸ್ತಾನ್ಯೋಲೆ ಮೊನ್ಫೆರ್ರಾತೊ ಗ್ರಾಮಕ್ಕೆ 1960ರ ದಶಕದಲ್ಲಿ ಬಂದ ವಂದನೀಯ ಜಾಕೊಮೊ ಕೌದಾ ಸ್ವಾಮಿಯವರಿಗೆ ಧರ್ಮಕೇಂದ್ರದ ತೋಟದಲ್ಲಿ ರುಕೇ ಎಂಬ ಸ್ಥಳೀಯ ಕಪ್ಪುದ್ರಾಕ್ಷಿಯ ಕೆಲವು ಹಳೆಯ ಸಾಲುಗಳು ಕಂಡವು. ಅವರು ತಾವೇ ತೋಟಕ್ಕಿಳಿದು ದುಡಿದು, ಆ ತಳಿಯಿಂದ ದ್ರಾಕ್ಷಾರಸ ಸಿದ್ಧಪಡಿಸಿ ಸೀಸೆಗಳಿಗೆ ತುಂಬಿದರು. 1987ರಲ್ಲಿ ರುಕೇ ರಸಕ್ಕೆ ಇಟಲಿಯ ಪ್ರಾದೇಶಿಕ ಗುರುತಿನ ಮಾನ್ಯತೆಯೂ 2010ರಲ್ಲಿ ಅದರ ಅತ್ಯುನ್ನತ ಶ್ರೇಣಿಯೂ ದೊರೆತವು.

ಬೀಜದಿಂದ ಹುಟ್ಟಿದ ದ್ರಾಕ್ಷಿಯು ತಾಯಿಬಳ್ಳಿಯ ತಳಿಯನ್ನು ಉಳಿಸಿಕೊಳ್ಳುವುದಿಲ್ಲ. ಬದುಕಿರುವ ಬಳ್ಳಿಯ ಕಡ್ಡಿಯನ್ನೇ ಕತ್ತರಿಸಿ ನೆಡಬೇಕು, ಇಲ್ಲವೆ ಕಸಿ ಮಾಡಬೇಕು. ಒಂದು ತಲೆಮಾರು ಕೈಬಿಟ್ಟರೆ ತಳಿಯೇ ಅಳಿದೀತು. ಸಂಹಿತೆಯು ಸಂಸ್ಕಾರದ ಸಿಂಧುತ್ವವನ್ನು ಕಾಯುತ್ತದೆ, ಅದು ಅದರ ಕೆಲಸ. ಪೀಠಕ್ಕೆ ಬರುವ ಪಾತ್ರೆಯಲ್ಲಾದರೋ ಯಾವುದೋ ಊರಿನ ಮಣ್ಣೂ ಯಾರದೋ ಬೆವರೂ ಇರುತ್ತವೆ. ಪವಿತ್ರ ಪರಂಪರೆಯೆಂದೊಡನೆ ನಾವು (ಬೋಧಕರಂತೂ) ಗ್ರಂಥಾಲಯವನ್ನೇ ನೆನೆಯುತ್ತೇವೆ. ಪರಮಪ್ರಸಾದದ ಸ್ಥಾಪನೆಯನ್ನು ವಿವರಿಸುವಾಗ ಸಂತ ಪೌಲರು ಬಳಸುವ ಕ್ರಿಯಾಪದಗಳು (1 ಕೊರಿಂಥ 11:23) ತೋಟದ ಕೆಲಸಕ್ಕೆ ಹತ್ತಿರವಾದವು: ಪಡೆಯುವುದು, ಒಪ್ಪಿಸುವುದು.